ಏಳನೆಯ ಮನೆ

ನೆಹರು ಗಂಜ್, ಕಲಬುರಗಿ
೧೮ ಜನವರಿ ೨೦೨೬, ಭಾನುವಾರ

ಪ್ರೀತಿಯ ಭುವನೇಶ್ವರಿ ಅಕ್ಕನಿಗೆ,

ತಂಗಿ ಸುನಂದಾಳ ಶರಣು. ನಿನ್ನ ಪತ್ರ ನನ್ನ ಕೈ ಸೇರಿ ಒಂಬತ್ತು ವರ್ಷ ದಾಟಿತು. ಶಿವಲಿಂಗಮಾವ ತೀರಿಕೊಂಡ ಹದಿನೈದನೆಯ ದಿನ ಬಂದಿತ್ತು. ಉತ್ತರಕ್ಕೆ ಇಷ್ಟು ವರ್ಷ ಹಿಡಿದದ್ದಕ್ಕೆ ಏನು ನೆವ ಹೇಳಿದರೂ ಸುಳ್ಳಾಗುತ್ತದೆ, ಅದಕ್ಕೆ ಹೇಳುವುದಿಲ್ಲ. ಕ್ಷಮಿಸು ಎಂದಷ್ಟೇ ಬರೆದು ಮುಂದೆ ಹೋಗುತ್ತೇನೆ. ಸೊಲ್ಲಾಪುರದ ಆ ವಿಳಾಸದಲ್ಲಿ ನೀನು ಈಗಲೂ ಇದ್ದೀಯೋ ಇಲ್ಲವೋ. ಫೋನ್ ನಂಬರು ನೀನು ಬರೆದಿರಲಿಲ್ಲ. ಬರೆದಿದ್ದರೂ ನಾನು ಮಾಡುತ್ತಿದ್ದೆನೆಂದು ಹೇಳಲಾರೆ. ಕಾಗದವಾದರೆ ನಡುವೆ ಎದ್ದು ನೀರು ಕುಡಿದು ಬಂದು ಮತ್ತೆ ಬರೆಯಬಹುದು.

ನಿನ್ನ ಸಕ್ಕರೆ ಕಾಯಿಲೆ ಹೇಗಿದೆ? ಮಗಳು ಚೆನ್ನಾಗಿದ್ದಾಳೆಯೇ? ಅವಳಿಗೆ ಮಕ್ಕಳಾಗಿರಬೇಕು. ನಾನು ಗಂಜಿನ ಹಿಂದಿನ ಅದೇ ಎರಡು ಕೋಣೆಯಲ್ಲಿದ್ದೇನೆ. ತಾಜಸುಲ್ತಾನಪುರದ ಅಂಗನವಾಡಿಯಿಂದ ನಿವೃತ್ತಳಾಗಿ ಐದು ವರ್ಷವಾಯಿತು. ಅಲ್ಲಿ ದಿನಕ್ಕೆ ಮೂವತ್ತು ಮಕ್ಕಳ ಗದ್ದಲ ಇರುತ್ತಿತ್ತು. ಈಗ ಶನಿವಾರ ಸಂಜೆ ಗಂಜಿನ ಅಂಗಡಿಗಳು ಬಾಗಿಲು ಹಾಕಿದರೆ ಸೋಮವಾರ ಬೆಳಿಗ್ಗೆಯವರೆಗೆ ನನ್ನ ಬಾಯಿಂದ ಒಂದು ಮಾತೂ ಹೊರಡುವುದಿಲ್ಲ. ಸೋಮವಾರ ಕಾಯಿಪಲ್ಯದವಳು ಕೂಗಿದಾಗ ಓಗೊಟ್ಟರೆ ನನ್ನ ದನಿ ನನಗೇ ಬೇರೆಯವರದ್ದು ಅನಿಸುತ್ತದೆ. ಒಂದೇ ರೊಟ್ಟಿಗೆಂದು ಹಿಟ್ಟು ನಾದಲು ಮನಸ್ಸು ಬರುವುದಿಲ್ಲ, ಎರಡು ಬಡಿಯುತ್ತೇನೆ. ಒಂದು ಮರುದಿನಕ್ಕೆ ಒಣಗಿ ಕಟಕ್ ಆಗಿರುತ್ತದೆ.

ಮಾವನ ಬಗ್ಗೆ ನೀನು ಎರಡೇ ಸಾಲು ಬರೆದಿದ್ದೆ, 'ಅವನಿಗೆ ನಾನು ಮಾಡಿದ್ದು ಸರಿಯಲ್ಲ' ಎಂದು. ಆ ಮಾತು ನಿನ್ನ ತಲೆಯಿಂದ ತೆಗೆದುಹಾಕು. ನಿಮ್ಮಿಬ್ಬರ ಲಗ್ನದ ದಿನ ಬೆಳಿಗ್ಗೆ ನೀನು ಸೊಲ್ಲಾಪುರದ ಬಸ್ಸು ಹತ್ತಿದೆ. ನಿನಗೆ ತಂದ ಸೀರೆ ಉಟ್ಟು ಹತ್ತೊಂಬತ್ತರ ನಾನು ನಮ್ಮ ಸೋದರಮಾವನ ಪಕ್ಕ ಕುಳಿತೆ. ಅವರ ಮುಖದಲ್ಲೂ ನನ್ನಷ್ಟೇ ಹೆದರಿಕೆ ಇತ್ತು. ಮೂವತ್ತೇಳು ವರ್ಷ ಸಂಸಾರ ಮಾಡಿದೆವು. ಕೊನೆಯವರೆಗೂ ನಾನು ಅವರನ್ನು ಮಾವ ಎಂದೇ ಕರೆದೆ. ಗಂಜಿನಲ್ಲಿ ತೊಗರಿ ತೂಗಿ, ಮೈತುಂಬ ಬೇಳೆಯ ಧೂಳು ಹೊತ್ತು ಮನೆಗೆ ಬರುತ್ತಿದ್ದರು. ನಮಗೆ ಮಕ್ಕಳಾಗಲಿಲ್ಲ. ಅದನ್ನು ಅವರು ಒಮ್ಮೆಯೂ ನನ್ನ ಮೇಲೆ ಹಾಕಲಿಲ್ಲ. ನಿನ್ನ ಮೇಲೂ ಸಿಟ್ಟಿರಲಿಲ್ಲ. ಯಾರಾದರೂ ಹಳೆಯ ಮಾತು ತೆಗೆದರೆ, "ಅಕಿಗಿ ಓದೂದಿತ್ತು, ಹೋದಳು. ಅದರಾಗೇನದ?" ಎಂದು ಎದ್ದುಬಿಡುತ್ತಿದ್ದರು.

ಈಗ ಈ ಪತ್ರ ಬರೆಯುವುದಕ್ಕೆ ಕಾರಣವಾದ ಸಂಗತಿ.

ಹೋದ ಶ್ರಾವಣದಲ್ಲಿ ಕಮಲಾಪುರದ ನಮ್ಮ ಓಣಿಯವರು ಒಂದು ಕಮಿಟಿ ಮಾಡಿದರು. ನಿನಗೆ ನೆನಪಿದ್ದೀತು, ಏಳು ಮನೆಯವರು ಬೇನೆಗೆ ಹೆದರಿ ತಮ್ಮ ಊರು ಬಿಟ್ಟು ಬಂದು, ಬಾವಿ ತೋಡಿ ಆ ಓಣಿ ಕಟ್ಟಿದರೆಂದು ಅಪ್ಪ ಹೇಳುತ್ತಿದ್ದ. ಆ ಬಾವಿಯ ಹೂಳು ತೆಗೆಸಿ, ಪಕ್ಕಕ್ಕೆ ಕಲ್ಲು ನಿಲ್ಲಿಸಿ, ಏಳು ಮೂಲ ಮನೆತನಗಳ ಹೆಸರು ಕೆತ್ತಿಸುವುದು ಕಮಿಟಿಯ ವಿಚಾರ. ಅದಕ್ಕೆ ಮುಖ್ಯಸ್ಥ ಯಶವಂತಣ್ಣ. ನಿನ್ನ ಜೊತೆ ಏಳನೆಯ ಇಯತ್ತೆಯವರೆಗೆ ಓದಿದವನು, ಹೆಡ್ ಮಾಸ್ತರನಾಗಿ ನಿವೃತ್ತನಾಗಿದ್ದಾನೆ. ಯಾರೋ ಆ ಹೆಸರುಗಳ ಯಾದಿಯನ್ನು ನನ್ನ ಫೋನಿಗೆ ಕಳಿಸಿದರು. ಊಟಕ್ಕೆ ಕುಳಿತವಳು ಎಡಗೈಯಲ್ಲಿ ಫೋನು ಹಿಡಿದು ಓದುತ್ತಾ ಹೋದೆ. ಒಂದರಿಂದ ಆರರವರೆಗೆ ಮನೆತನದ ಹೆಸರು, ಅದರ ಕೆಳಗೆ ಈಗ ಇರುವವರ ಹೆಸರು. ಏಳನೆಯದಕ್ಕೆ ಹೀಗಿತ್ತು: 'ಭೀಮಶಾ ಅವರ ಮನೆತನ. ವಂಶ ನಿಂತಿದೆ.'

ಊಟ ಅರ್ಧಕ್ಕೇ ಬಿಟ್ಟು ಕೈ ತೊಳೆದುಕೊಂಡೆ. ನನಗೆ ಅರವತ್ತೈದು. ಬಿಪಿ ಇದೆ, ಮೊಣಕಾಲು ಹಿಡಿಯುತ್ತದೆ. ಆದರೂ ಇನ್ನೂ ನಿಂತಿಲ್ಲವಲ್ಲ ಅಕ್ಕ.

ಮರುದಿನವೇ ಬಸ್ಸು ಹಿಡಿದು ಕಮಲಾಪುರಕ್ಕೆ ಹೋದೆ. ಯಶವಂತಣ್ಣ ಮರ್ಯಾದೆಯಿಂದಲೇ ಕೂಡಿಸಿ ಚಹಾ ಕೊಡಿಸಿದ.

"ನೀ ಭೀಮಶಾ ಕಾಕಾನ ಮಗಳು ಅಂಬೋದು ಇಡೀ ಓಣಿಗೆ ಗೊತ್ತದ. ಯಾರೂ ಇಲ್ಲ ಅನ್ನಲ್ಲ. ಆದರ ಹೆಣ್ಣುಮಕ್ಕಳು ಲಗ್ನ ಆಗಿ ಹೋದಮ್ಯಾಲ ಆ ಮನಿಯವರಾದರು. ಕಾಕಾಗ ಗಂಡುಮಕ್ಕಳಿಲ್ಲ. ಏನ್ ಬರೀಬೇಕು ಹೇಳು," ಎಂದ.

"ಹಂಗಾದರ ನಾ ಯಾರು ಅಣ್ಣಾ?" ಎಂದೆ.

ಅವನು ನನ್ನ ಖಾಲಿ ಕಪ್ಪು ತೆಗೆದು ಪಕ್ಕಕ್ಕಿಟ್ಟ. "ಇನ್ನೊಂದು ಮಾತದ. ನಿಮ್ಮ ಮನಿ ಏಳರಾಗಿಂದು ಅನ್ನೋದಕ್ಕ ಬಾಯಿಮಾತು ಬಿಟ್ಟರ ಏನೂ ಇಲ್ಲ. ಉಳಿದ ಆರೂ ಮನಿಯವರು ಕಾಗದ ಕೊಟ್ಟಾರ. ಅಂಥದ್ದೇನರ ಇದ್ದರ ತೊಗೊಂಡು ಬಾ, ಕಮಿಟಿ ಮುಂದ ಇಡೋಣು," ಎಂದ.

ತಿರುಗಿ ಬರುವಾಗ ಬಸ್ಸಿನಲ್ಲಿ ನನಗೆ ಸಿಟ್ಟು ಬರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾದದ್ದು. ಅವನು ಹೇಳಿದ್ದು ಸರಿಯೇ ಇರಬೇಕು ಎಂದು ಮನಸ್ಸು ಆಗಲೇ ಒಪ್ಪಿಕೊಳ್ಳುತ್ತಿತ್ತು. ಹಾಗೆ ಒಪ್ಪಿಕೊಂಡರೆ ನಾಳೆ ಆ ಎರಡು ಕೋಣೆಯಲ್ಲಿ ಎದ್ದು ಕಸ ಗುಡಿಸುವವಳು ಯಾರು ಅನ್ನುವುದೇ ನನಗೆ ತಿಳಿಯದಂತಾಗುತ್ತಿತ್ತು.

ಆಮೇಲೆ ಎರಡು ತಿಂಗಳು ಹಳೆಯ ದಾಖಲೆ ಇಡುವ ಕಚೇರಿಗೆ ಅಲೆದೆ. ಅರ್ಜಿ ಕೊಡು, ಹದಿನೈದು ದಿನ ಬಿಟ್ಟು ಬಾ, ಇನ್ನೊಂದು ಅರ್ಜಿ ಕೊಡು. ಅಲ್ಲಿಯವರು ಕೆಟ್ಟವರಲ್ಲ. ಒಬ್ಬಾತ ದಿನಾ ನನ್ನನ್ನು ನೋಡಿ ನೋಡಿ ಕುರ್ಚಿ ಹಾಕತೊಡಗಿದ. ಕೊನೆಗೆ ನಮ್ಮ ಓಣಿಯ ಹಳೆಯ ಯಾದಿಯ ನಕಲು ಸಿಕ್ಕಿತು, ಐದು ಹಾಳೆ. ಎಲ್ಲವೂ ನಿಜಾಮರ ಕಾಲದ್ದು, ಉರ್ದು. "ಅಮ್ಮಾರ, ಇದನ್ನ ಓದೋರು ನಮ್ಮಲ್ಲಿ ಈಗ ಯಾರೂ ಉಳಿದಿಲ್ಲ," ಎಂದ ಆತ.

ಸ್ಟೇಶನ್ ಬಜಾರಿನಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿರುವ ಶಫಿಯ ಹತ್ತಿರ ಆ ಹಾಳೆಗಳ ಇನ್ನೊಂದು ಪ್ರತಿ ತೆಗೆಸಲು ಹೋದಾಗ ಅವನು ತಿರುವಿ ನೋಡಿದ. "ನನಗ ಬರಲ್ಲ ಬಾಯಿ, ಅಕ್ಷರ ಭಾಳ ಗಡಿಬಿಡಿ ಅದ. ನಮ್ಮ ಖಾಲಾ ಓದತಾರ, ಉರ್ದು ಸಾಲಿ ಟೀಚರ್ ಇದ್ದರು," ಎಂದು ತನ್ನ ಚಿಕ್ಕಮ್ಮ ಇಕ್ಬಾಲ್ ಬೇಗಂ ಅವರ ಮನೆ ತೋರಿಸಿದ.

ಅಕ್ಕ, ಈ ಇಡೀ ಓಡಾಟದಲ್ಲಿ ನನಗೆ ಸಿಕ್ಕ ಮನುಷ್ಯರೆಂದರೆ ಅವರೊಬ್ಬರೇ. ಎಪ್ಪತ್ತೆಂಟು ವರ್ಷ, ತೆಳ್ಳಗೆ, ಕೈಯಲ್ಲಿ ಭೂತಗನ್ನಡಿ. ಮೊದಲ ದಿನ ಒಂದು ಹಾಳೆ ಓದಲು ಎರಡು ತಾಸು ಹಿಡಿಯಿತು. ನಾನು ಅವರನ್ನು ಅವರ ಮಾತಿನಲ್ಲೇ ಅಕ್ಕ ಎಂದು, ಆಪಾ ಎನ್ನತೊಡಗಿದೆ, ಅವರು ನನ್ನನ್ನು ಸುನಂದಾಬಾಯಿ ಎಂದರು. ಮೂರನೆಯ ದಿನ ಅವರ ಬೆರಳು ಒಂದು ಸಾಲಿನ ಮೇಲೆ ನಿಂತಿತು.

"ನಿಮ್ಮ ತಂದೀ ಹೆಸರು ಭೀಮಶಾ ಅಂದಿರಿ ಹೌದಿಲ್ಲೊ?"

"ಹೌದ್ರಿ ಆಪಾ. ಮೊದಲ ಬಂದ ಹಿರಿಯರ ಹೆಸರೂ ಭೀಮಶಾ ಅಂತ. ಅವರದ್ದೇ ಹೆಸರು ಅಪ್ಪಗ ಇಟ್ಟಿದ್ದರಂತ."

"ಇಲ್ಲಿ ಭೀಮಶಾ ಇದ್ದಾನ, ಆದರ ಅವ ಬಂದಿಲ್ಲ. ನೋಡ್ರಿ, ಹೊಸ ಆಬಾದಿ, ಏಳನೇ ಜಾಗಾ, ಮುಸಮ್ಮಾತ್ ನಾಗವ್ವ, ಬೇವಾ ಭೀಮಶಾ. ಆಬಾದಿ ಅಂದರ ವಸ್ತಿ, ಮುಸಮ್ಮಾತ್ ಅಂದರ ಹೆಣ್ಣುಮಗಳು, ಬೇವಾ ಅಂದರ ಗಂಡ ತೀರಿಕೊಂಡಾಕಿ. ಬಂದಾಕಿ ನಾಗವ್ವ."

ನಾನು ಇನ್ನೊಮ್ಮೆ ಓದಿ ಎಂದೆ. ಇನ್ನೊಮ್ಮೆ ಓದಿದರು. ಅಪ್ಪ ಜೀವಮಾನವಿಡೀ ಹೇಳುತ್ತಿದ್ದನಲ್ಲ, ಎರಡಾಳು ಎತ್ತರದ ಹಿರೇ ಭೀಮಶಾ ಹಾರೆ ಹಿಡಿದು ಬಾವಿ ತೋಡಿದ್ದು? ಅಂಥವನು ಯಾರೂ ಕಮಲಾಪುರಕ್ಕೆ ಬಂದೇ ಇರಲಿಲ್ಲ. ಬೇನೆಯಲ್ಲಿ ಗಂಡನನ್ನು ಮಣ್ಣು ಮಾಡಿ, ಉಳಿದ ಆರು ಮನೆಯವರ ಹಿಂದೆ ಒಬ್ಬ ಹೆಂಗಸು ನಡೆದು ಬಂದಿದ್ದಳು. ಹತ್ತಿರ ಒಂದು ಕೂಸು ಇತ್ತು. ಅದು ಆಪಾ ಮುಂದಿನ ಹಾಳೆ ಓದಿದಾಗ ತಿಳಿದದ್ದು. ಇಪ್ಪತ್ತು ವರ್ಷದ ನಂತರದ ಬರಹದಲ್ಲಿ ಅದೇ ಏಳನೆಯ ಜಾಗ ನಿಂಗವ್ವ ಎಂಬವಳ ಹೆಸರಿಗಿದೆ. "ದುಖ್ತರ್ ಅಂತ ಬರದಾರ. ದುಖ್ತರ್ ಅಂದರ ಮಗಳು. ಇಕಿ ಗಂಡ ಇದೇ ಮನಿಯಾಗ ಬಂದು ಇದ್ದ," ಎಂದರು ಆಪಾ. ಆ ನಿಂಗವ್ವನ ಮಗ ದೌಲಪ್ಪ, ಅಂದರೆ ನಮ್ಮ ಅಜ್ಜ. ಅಜ್ಜನ ಹೆಸರು ಕೊನೆಯ ಹಾಳೆಯಲ್ಲಿ ಇರಬೇಕಾಗಿತ್ತು.

ಆ ಒಂದು ಹಾಳೆ ಮಾತ್ರ ಉಳಿದಿತ್ತು. ಮಧ್ಯಾಹ್ನ ಇನ್ನೂ ಮೂರು ಗಂಟೆ. ಆಪಾ ಭೂತಗನ್ನಡಿಯನ್ನು ಅರಿವೆಯಲ್ಲಿ ಸುತ್ತಿ ಇಟ್ಟು, "ಇದನ್ನ ನಾಳಿ ಓದೋಣೇನ್ರಿ?" ಎಂದರು. ಅವರ ಮನೆಯಲ್ಲೂ ಬೇರೆ ಯಾರ ಸದ್ದೂ ಇರಲಿಲ್ಲ. ನಾನು ಹೂಂ ಎಂದೆ. ಮರುದಿನ ಐದು ನಿಮಿಷದಲ್ಲಿ, ನಿಂಗವ್ವನ ಮಗನೆಂದೇ, ಅಜ್ಜನ ಹೆಸರು ಸಿಕ್ಕಿತು. ಸಂಜೆಯವರೆಗೆ ಕುಳಿತೆವು.

ಕಮಿಟಿ ಕೂಡಿದ್ದು ಕಾರ್ತಿಕದ ಒಂದು ಸೋಮವಾರ, ಹನುಮಂತ ದೇವರ ಗುಡಿಯ ಕಟ್ಟೆಯಲ್ಲಿ. ಆಪಾ ಕನ್ನಡದಲ್ಲಿ ಹೇಳಿ ನಾನು ಬರೆದುಕೊಂಡದ್ದನ್ನು ಯಶವಂತಣ್ಣನ ಕೈಗೆ ಕೊಟ್ಟೆ. ಹನ್ನೆರಡು ಮಂದಿ ಗಂಡಸರು, ನಾನೊಬ್ಬಳು. ಅವನು ಹೆಡ್ ಮಾಸ್ತರನಂತೆಯೇ ಎದ್ದು ನಿಂತು ಜೋರಾಗಿ ಓದಿದ. ನಾಗವ್ವ ಎಂಬಲ್ಲಿ ಒಂದು ಸಲ ನಿಂತ. ನಿಂಗವ್ವ ಎಂಬಲ್ಲಿ ಕನ್ನಡಕ ತೆಗೆದು ಒರೆಸಿಕೊಂಡ.

ಹಿಂದಿನಿಂದ ಒಬ್ಬರು, "ಅದೇನೋ ಆ ಕಾಲದ್ದು. ಗಂಡು ದಿಕ್ಕಿಲ್ಲದಕ್ಕ ಅಕಿ ಹೆಸರು ಹಚ್ಚಿರಬೇಕು. ಅದನ್ನ ಹಿಡಕೊಂಡು ಈಗ..." ಎಂದರು.

"ಗಂಡು ದಿಕ್ಕಿಲ್ಲದಾಗೂ ಆ ಮನಿ ನಿಂತಿಲ್ಲಲ್ಲ ಕಾಕಾ," ಎಂದೆ ನಾನು. "ಮಗಳ ಮ್ಯಾಲೇ ಮುಂದ ಹೋಗ್ಯದ. ಅವತ್ತ ನಿಂಗವ್ವನ ಲೆಕ್ಕಕ್ಕ ಹಿಡೀದಿದ್ದರ ನಮ್ಮ ಅಜ್ಜನೂ ಇಲ್ಲ, ನಮ್ಮ ಅಪ್ಪನೂ ಇಲ್ಲ. ನೀವು ಬರದದ್ದು ನಮ್ಮ ಅಪ್ಪನ ಹೆಸರೇ ಅಲ್ಲೇನ್ರಿ?"

ಯಶವಂತಣ್ಣ ಹಾಳೆಗಳನ್ನು ಮಡಿಚಿ, "ಈ ಮನಿ ಮೊದಲಿಂದ ಹೆಣ್ಣುಮಕ್ಕಳ ಮ್ಯಾಲೇ ನಡದದ. ನಾ ಬರದದ್ದು ತಪ್ಪಾಯ್ತು. ಸುನಂದಾ, ಕಲ್ಲಿನ ಮ್ಯಾಲ ಏನಂತ ಹಾಕಿಸಬೇಕು, ನೀನೇ ಹೇಳು," ಎಂದ.

ಅಪ್ಪ ಬೇಸರ ಮಾಡಿಕೊಳ್ಳುತ್ತಿದ್ದನೇನೋ. ಆದರೆ ನಾನು ಹೇಳಿದ್ದು 'ನಾಗವ್ವನ ಮನೆತನ' ಎಂದು.

ಮೊನ್ನೆ ಸಂಕ್ರಾಂತಿಯ ಮರುದಿನ ಕಲ್ಲು ನಿಲ್ಲಿಸಿದರು. ಬಾವಿಯ ನೀರು ತಿಳಿಯಾಗಿದೆ, ಸುತ್ತ ಕಂಬಿ ಹಾಕಿದ್ದಾರೆ. ನಾನು ಹೋಗಿ ಅಕ್ಷರಗಳ ಮೇಲೆ ಕೈ ಆಡಿಸಿದೆ. ಹೊಸ ಕೆತ್ತನೆ, ಅಂಚು ಇನ್ನೂ ಚೂಪಾಗಿತ್ತು. ಗೆದ್ದೆ ಅಂದುಕೊಂಡೆ. ನಿಜವಾಗಿಯೂ ಅಂದುಕೊಂಡೆ ಅಕ್ಕ.

ಆಮೇಲೆ ಫೋಟೋ ತೆಗೆಯುವುದು ಶುರುವಾಯಿತು. ಓಣಿಯ ಬಗ್ಗೆ ಕಮಿಟಿ ತರುತ್ತಿರುವ ಪುಸ್ತಕದಲ್ಲಿ ಹಾಕಲು ಪ್ರತಿ ಮನೆತನದವರೂ ಕಲ್ಲಿನ ಮುಂದೆ ನಿಲ್ಲಬೇಕಿತ್ತು. ಮೊದಲ ಮನೆಯವರು ಇಪ್ಪತ್ತಾರು ಮಂದಿ, ಎರಡು ಸಾಲು ಮಾಡಿ ನಿಂತರೂ ಹಿಡಿಸಲಿಲ್ಲ. ಕಂಕುಳ ಕೂಸುಗಳು ಅಳುತ್ತಿದ್ದವು, ಸೊಸೆಯಂದಿರು ಸೆರಗು ಸರಿ ಮಾಡಿಕೊಂಡು ಒಬ್ಬರನ್ನೊಬ್ಬರು ನೂಕುತ್ತಿದ್ದರು. ಮೂರನೆಯ ಮನೆಯವರಲ್ಲಿ ಹೈದರಾಬಾದಿನಿಂದ ಬಂದವರೂ ಇದ್ದರು. ಹೀಗೆ ಆರು ಮನೆ ಮುಗಿದು ನನ್ನ ಸರದಿ ಬಂತು. ನಾನು ಹೋಗಿ ಕಲ್ಲಿನ ಎಡಕ್ಕೆ ನಿಂತೆ. ಫೋಟೋದವನು ಕಾದ. ನಾನೂ ಕಾದೆ. ಅವನು ಕ್ಯಾಮೆರಾ ಇಳಿಸಿ, "ಉಳಿದವರು ಎಲ್ಲಿ ಹೋಗ್ಯಾರ್ರಿ? ಕರೀರಿ ಲಗೂನ," ಎಂದ.

"ಯಾರಿಲ್ಲಪ್ಪ. ತೆಗಿ," ಎಂದೆ.

"ಹಂಗಾದರ ನಡೂಕ ಬರ್ರಿ. ಪಕ್ಕಕ್ಕ ನಿಂತರ ಖಾಲಿ ಖಾಲಿ ಕಾಣತದ," ಎಂದ. ನಡುವೆ ಬಂದು ನಿಂತೆ. ಕಲ್ಲಿನ ಮೇಲಿನ ಹೆಸರುಗಳಿಗೆ ನಾನೇ ಅಡ್ಡವಾದೆ. ಅದಕ್ಕೆ ಮತ್ತೆ ಪಕ್ಕಕ್ಕೇ ಸರಿಸಿದ.

ಊಟಕ್ಕೆ ಕುಳಿತುಕೊಳ್ಳಲಿಲ್ಲ. ತಲೆ ನೋಯುತ್ತಿದೆ ಎಂದು ಹೇಳಿ ಎರಡೂವರೆಯ ಬಸ್ಸಿಗೇ ಬಂದುಬಿಟ್ಟೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಹಿಂದಿನ ನಾಲ್ಕು ತಲೆಮಾರಿನ ಹೆಸರನ್ನು ಹುಡುಕಿ ತೆಗೆದೆ, ಒಂದೂ ಬಿಡಲಿಲ್ಲ. ಸತ್ತವರೆಲ್ಲ ಸಿಕ್ಕರು. ಇನ್ನು ಬದುಕಿರುವವರಲ್ಲಿ ನೀನೊಬ್ಬಳೇ ಇರುವುದು. ನಿನಗೆ ಹೇಳದೆ ನಾನು ಯಾರಿಗೆ ಹೇಳಲಿ, ನಮ್ಮ ಮನೆಗೆ ಮೊದಲು ಬಂದವಳು ನಾಗವ್ವ ಎಂದು?

ಬರೆಯುತ್ತಾ ಬರೆಯುತ್ತಾ ಮಧ್ಯಾಹ್ನವಾಯಿತು. ನಿನ್ನ ಮಗಳು, ಅಳಿಯ, ಮೊಮ್ಮಕ್ಕಳಿದ್ದರೆ ಅವರೂ ನೂರು ಕಾಲ ಸುಖವಾಗಿರಲಿ. ಮೊಮ್ಮಕ್ಕಳ ತಲೆಯ ಮೇಲೆ ನನ್ನ ಪರವಾಗಿ ಕೈ ಇಡು. ನಾನು ಯಾರೆಂದು ಅವರಿಗೆ ಹೇಳಬೇಕೆಂದಿಲ್ಲ. ನೀನು ದೊಡ್ಡವಳು, ನಾನು ನಿನ್ನಿಂದ ಆಶೀರ್ವಾದ ಬೇಡಬೇಕಾದವಳು. ಈ ಸಲ ಬೇಡುವ ಧೈರ್ಯವಿಲ್ಲ. ಮೈಯ ಕಡೆ ಲಕ್ಷ್ಯ ಇರಲಿ.

ನಿನ್ನ ತಂಗಿ,
ಸುನಂದಾ

ತಾ.ಕ.: ಪತ್ರ ಮಡಿಚಿ ಪಾಕೀಟಿಗೆ ಹಾಕಿದ್ದೆ. ಮತ್ತೆ ತೆಗೆದು ಬರೆಯುತ್ತಿದ್ದೇನೆ.

ಪುಸ್ತಕಕ್ಕೆಂದು ಕಮಿಟಿಯವರು ಕಚೇರಿಯ ವಂಶಾವಳಿ ಕೇಳಿದ್ದರು. ಅದು ನನ್ನ ಟ್ರಂಕಿನಲ್ಲಿಯೇ ಇದೆ. ನಾನು ಕೊಡಲಿಲ್ಲ, ಕಳೆದುಹೋಗಿದೆ ಎಂದೆ. ತೊಂಬತ್ತನಾಲ್ಕರಲ್ಲಿ ಅಪ್ಪ ತೀರಿಕೊಂಡ ಮೇಲೆ ಹೊಲವನ್ನು ನಮ್ಮ ಹೆಸರಿಗೆ ಮಾಡಲು ಬರೆಸಿದ್ದು ಅದು. ಬರೆದುಕೊಳ್ಳುವವರು ಕಚೇರಿಯಿಂದ ಮನೆಗೇ ಬಂದಿದ್ದರು. ಅವ್ವ ಗೋಡೆಗೆ ಒರಗಿ ಕುಳಿತಿದ್ದಳು. ಮಾವ ಚಹಾ ತರಲು ಹೊರಗೆ ಹೋಗಿದ್ದರು. "ದೊಡ್ಡ ಮಗಳು?" ಎಂದು ಬರೆದುಕೊಳ್ಳಲು ಬಂದವರು ಕೇಳಿದರು. ಅವ್ವ ನನ್ನ ಮುಖ ನೋಡಿದಳು. ನಾನು, "ತೀರಿಕೊಂಡಾಳ," ಎಂದೆ.

ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಹೊಲದ ಆಸೆಗೂ ಅಲ್ಲ. ನೀನು ಸೊಲ್ಲಾಪುರದ ದವಾಖಾನೆಯಲ್ಲಿ ನರ್ಸ್ ಆಗಿದ್ದೀಯೆಂದು ನನಗೆ ಗೊತ್ತಿತ್ತು. ಹದಿನೈದು ವರ್ಷ ಪ್ರತಿ ಹಬ್ಬಕ್ಕೂ ಅವ್ವ ನಿನ್ನ ಪಾಲಿನ ಹೋಳಿಗೆ ತೆಗೆದಿಡುತ್ತಿದ್ದಳು. ಬಿಟ್ಟು ಹೋದವಳಿಗೆ ಪಾಲು, ನೀನು ಬಿಟ್ಟದ್ದನ್ನೆಲ್ಲ ಹೊತ್ತವಳು ಬರೀ ಬಡಿಸುವುದಕ್ಕೆ. ನೀನು ಸತ್ತೆಯೆಂದು ಒಮ್ಮೆ ಕಾಗದದ ಮೇಲೆ ಬಂದರೆ ಅವ್ವ ನಿಲ್ಲಿಸುತ್ತಾಳೆ ಅಂದುಕೊಂಡೆ. ನಿಲ್ಲಿಸಲಿಲ್ಲ. ನನ್ನ ಸುಳ್ಳನ್ನು ಯಾರ ಮುಂದೆಯೂ ಎತ್ತಲಿಲ್ಲ. ಆದರೆ ಅಂದಿನಿಂದ ಸಾಯುವವರೆಗೂ, ಏಳು ವರ್ಷ, ನನ್ನ ಹೆಸರು ಹಿಡಿದು ಕರೆಯಲಿಲ್ಲ. ಅವಳು ಹೋದ ಸುದ್ದಿ ನಿನಗೆ ಕಳಿಸದಿದ್ದದ್ದೂ ಇದಕ್ಕೇ. ಸತ್ತಳೆಂದು ಬರೆಸಿದವಳನ್ನು ಮಣ್ಣಿಗೆ ಹೇಗೆ ಕರೆಸಲಿ?

ಹೋದ ವಾರ ಕಮಲಾಪುರದ ಕಚೇರಿಗೆ ಹೋಗಿ, ನಾನು ಸುಳ್ಳು ಬರೆಸಿದ್ದೆ, ತಿದ್ದಿಕೊಡಿ ಎಂದು ಅರ್ಜಿ ಕೊಟ್ಟೆ. ಹೊಲದಲ್ಲಿ ಅರ್ಧ ನಿನ್ನದು, ಅದನ್ನೂ ಬರೆದಿದ್ದೇನೆ. ಅಲ್ಲಿ ಕುಳಿತಿದ್ದ ಹೆಣ್ಣುಮಗಳು ಅದನ್ನು ಎರಡು ಸಲ ಓದಿದಳು. "ನೀವು ಬರದುಕೊಟ್ಟರ ಆಗಲ್ಲ ಅಮ್ಮಾರ. ಅವರೇ ಖುದ್ದ ಬಂದು, ನಾ ಜೀವಂತ ಅದೀನಿ ಅಂತ ಹೇಳಬೇಕಾಗತದ," ಎಂದಳು.

ಬಾ ಅಕ್ಕ. ಕಚೇರಿಯಲ್ಲಿ ಆಮೇಲೆ ಹೇಳುವೆಯಂತೆ. ಮೊದಲು ನನ್ನ ಮುಖ ನೋಡಿ ಹೇಳು.